ಉಣ್ಣೆ ಚೆಂಡಿಗೆ ಮಳೆ ಹಿಡಿದ ವರ್ಷ

ಚಿಕ್ಕಮಗಳೂರು ಸೀಮೆಯಲ್ಲಿ ದೀಪಾವಳಿ ಕಳೆದರೆ ಕೊಡೆ ಅಟ್ಟ ಸೇರುವುದು ರೂಢಿ. ಸ್ವಾತಿ ಮಳೆ ಮುಗಿಯಿತು ಅಂದರೆ ಇನ್ನೇನಿದ್ದರೂ ಮಂಜು, ಇಬ್ಬನಿ, ಸ್ವೆಟರ್ರು. 2010ರಲ್ಲಿ ದೀಪಾವಳಿ ನವೆಂಬರ್ 5ಕ್ಕೆ ಬಂತು. ಎರಡೇ ದಿನದಲ್ಲಿ ‘ಜಲ್’ ಅನ್ನುವ ಚಂಡಮಾರುತ ಚೆನ್ನೈ ಹತ್ತಿರ ದಡ ಸೇರಿತು. ದಡ ಮುಟ್ಟುವಷ್ಟರಲ್ಲಿ ಅದರ ಜೋರು ಇಳಿದಿತ್ತು. ಆದರೆ ಹೊತ್ತು ತಂದ ಮೋಡವನ್ನು ಅಲ್ಲೇ ಇಳಿಸಲಿಲ್ಲ, ಕರ್ನಾಟಕದ ಮೇಲೆ ಹಾದು ಅರಬ್ಬೀ ಸಮುದ್ರದ ಕಡೆ ಹೋಯಿತು. ಅಲ್ಲಿಂದಾಚೆ ಆ ಚಳಿಗಾಲಕ್ಕೆ ಚಳಿಗಾಲದ ಲಕ್ಷಣವೇ ಇರಲಿಲ್ಲ. ವಿಶಾಖ ಮಳೆ ಬಂತು, ಅನೂರಾಧ ಬಂತು. ಡಿಸೆಂಬರ್ ಹುಟ್ಟಿದ ಮೇಲೂ ಒಂದೆರಡು ದಿನ ಬಿಸಿಲು ಕಂಡರೆ ಮತ್ತೆ ಮೋಡ.

ನಾನು ಆಗ ಎರಡನೇ ವರ್ಷದ ಬಿ.ಎಸ್ಸಿ. ಹಾಸ್ಟೆಲ್‌ನಲ್ಲಿದ್ದೆ. ಈ ಕಾಲೇಜು ಸಂಚಿಕೆಯ ಸಂಪಾದಕರು ‘ಕಾಲೇಜು ದಿನಗಳ ಬಗ್ಗೆ ಏನಾದರೂ ಬರೆದುಕೊಡಿ’ ಅಂದಾಗ ಲ್ಯಾಬು, ಲೈಬ್ರರಿ ಯಾವುದೂ ನೆನಪಿಗೆ ಬರಲಿಲ್ಲ. ಕಾಲೇಜಿನ ಹಿಂದಿನ ಬಾಲ್ ಬ್ಯಾಡ್ಮಿಂಟನ್ ಕೋರ್ಟೇ ಮೊದಲು ನೆನಪಾಯಿತು. ಅದೂ ಅದರ ಮೇಲೆ ನೀರು ನಿಂತ ಆ ವರ್ಷ.

ಆ ಕೋರ್ಟು ಹೆಸರಿಗೆ ಮಾತ್ರ ಕಾಲೇಜಿನದು. ನಡೆಸುತ್ತಿದ್ದದ್ದು ಊರಿನ ಒಂದು ಕ್ಲಬ್ಬು. ಕ್ಲಬ್ಬು ಅಂದರೆ ಇಸ್ಪೀಟಿನ ಮೇಜು, ಸೋಫಾ ಇರುವಂಥದ್ದಲ್ಲ. ಬೋರ್ಡು ಕೂಡ ಇರಲಿಲ್ಲ. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಒಬ್ಬರು, ಬ್ಯಾಂಕಿನ ಕ್ಯಾಶಿಯರ್ ಒಬ್ಬರು, ಕಾಫಿ ಬೋರ್ಡಿನಿಂದ ರಿಟೈರ್ ಆದ ಹಿರಿಯರು, ಒಬ್ಬ ಟೈಲರ್, ಜೊತೆಗೆ ಬಂದು ಹೋಗುವ ಇನ್ನೂ ಕೆಲವರು. ನಮಗೆ ಇವರೆಲ್ಲ ಡಿಪೋ ಅಣ್ಣ, ಬ್ಯಾಂಕ್ ಅಂಕಲ್, ಬೋರ್ಡ್ ಸರ್. ಕಾಲೇಜಿಗೂ ಅವರಿಗೂ ಒಂದು ಬಾಯಿಮಾತಿನ ಒಪ್ಪಂದ ಇತ್ತು. ಜಾಗ ಕಾಲೇಜಿನದು, ಚೆಂಡು ಮತ್ತು ನೆಟ್ಟು ಕ್ಲಬ್ಬಿನದು, ಗುಡಿಸಿ ರೋಲರ್ ಎಳೆದು ಸುಣ್ಣದ ಗೆರೆ ಹಾಕುವುದು ವಿದ್ಯಾರ್ಥಿಗಳ ಕೆಲಸ. ಬೆಳಿಗ್ಗೆ ಆರರಿಂದ ಏಳೂವರೆ ಹುಡುಗಿಯರಿಗೆ. ಸಂಜೆ ಹುಡುಗರು, ದೊಡ್ಡವರು. ಹಾಸ್ಟೆಲ್‌ನಲ್ಲಿ ಸಂಜೆ ಆರೂವರೆಗೆ ಹಾಜರಿ ಕರೆಯುತ್ತಿದ್ದರಿಂದ ನಮಗೆ ಬೆಳಗಿನ ಹೊತ್ತೇ ಗತಿ.

ಈಗಿನ ಮಕ್ಕಳಲ್ಲಿ ಸುಮಾರು ಜನ ಬಾಲ್ ಬ್ಯಾಡ್ಮಿಂಟನ್ ನೋಡಿರಲಿಕ್ಕಿಲ್ಲ. ಬ್ಯಾಡ್ಮಿಂಟನ್ ಅಂದರೆ ಅವರಿಗೆ ಶಟಲ್ಲೇ. ಇದು ದಕ್ಷಿಣದವರ ಆಟ. ತಂಜಾವೂರಿನ ಅರಮನೆಯವರು ಆಡಿ ಬೆಳೆಸಿದರು ಅನ್ನುತ್ತಾರೆ. ದೇಶಮಟ್ಟದ ಫೆಡರೇಷನ್ 1954ರಿಂದ ಇದೆ. ಒಂದು ಕಡೆ ಐದು ಜನ. ಮುಂದೆ ಇಬ್ಬರು, ನಡುವೆ ಒಬ್ಬರು, ಹಿಂದೆ ಇಬ್ಬರು. ಕೋರ್ಟು 24 ಮೀಟರ್ ಉದ್ದ, 12 ಮೀಟರ್ ಅಗಲ. ಆಗ ಗೇಮಿಗೆ 29 ಪಾಯಿಂಟು, ಈಗ 35. ಚೆಂಡು ಹಳದಿ ಉಣ್ಣೆಯದು, ಐದು ಸೆಂಟಿಮೀಟರ್ ದಪ್ಪ, ತೂಕ 27ರಿಂದ 30 ಗ್ರಾಂ. ಈ ಮೂರು ಗ್ರಾಂ ಅಂತರದ ಮೇಲೆ ಇಡೀ ಆಟ ನಿಂತಿದೆ. ನಾನು ಹಿಂದಿನ ಎಡಗಡೆ ಆಡುತ್ತಿದ್ದೆ. ಅಲ್ಲಿ ನಿಂತವರಿಗೆ ಚೆಂಡು ಬ್ಯಾಟಿಗೆ ತಾಗಿದ ಸದ್ದಿನಲ್ಲೇ ಅದು ಎಲ್ಲಿ ಬೀಳುತ್ತದೆ ಅಂತ ಗೊತ್ತಾಗಬೇಕು.

ಉಣ್ಣೆ ನೀರು ಕುಡಿಯುತ್ತದೆ. ಸಮಸ್ಯೆ ಇಷ್ಟೇ. ಒಮ್ಮೆ ಒದ್ದೆ ನೆಲಕ್ಕೆ ಬಿದ್ದ ಚೆಂಡು ಮೂವತ್ತು ಗ್ರಾಂ ದಾಟುತ್ತದೆ, ನಾಲ್ಕು ಸಲ ಬಿದ್ದರೆ ಎಷ್ಟಾಗುತ್ತದೋ ದೇವರೇ ಬಲ್ಲ. ಬ್ಯಾಟಿಗೆ ತಾಗಿದರೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಸದ್ದು. ಅದನ್ನು ನೆಟ್ ದಾಟಿಸಿ ಹಿಂದಿನ ಗೆರೆಗೆ ಕಳಿಸಬೇಕಾದರೆ ಭುಜ ಕಿತ್ತು ಬರಬೇಕು. ಬ್ಯಾಟಿಗೆ ಹೆಣೆದ ದಾರ, ಅಂದರೆ ಗಟ್ಟು, ಪಟ್ ಅಂತ ಹರಿಯುತ್ತಿತ್ತು. ಆಗ ಬ್ಯಾಟಿಗೆ ಗಟ್ಟು ಹಾಕಿಸುವ ದುಡ್ಡಿನಲ್ಲಿ ನಮ್ಮ ಹಾಸ್ಟೆಲ್ ಹುಡುಗಿಯರು ತಿಂಗಳಿಡೀ ಕಾಫಿ ಕುಡಿಯಬಹುದಿತ್ತು.

ಕಾಲೇಜಿನಲ್ಲಿ ಆಟೋಟ ನೋಡಿಕೊಳ್ಳುತ್ತಿದ್ದ ಪಿ.ಡಿ. ಸರ್ ‘ಮಳೆ ನಿಲ್ಲೋವರೆಗೂ ಒಳಗೆ ಕೇರಂ ಆಡ್ರಿ’ ಅಂದರು. ಅವರದ್ದೇನೂ ತಪ್ಪಿಲ್ಲ, ಅವರಿಗೆ ಅಥ್ಲೆಟಿಕ್ಸ್ ಹುಡುಗರ ತಲೆನೋವೂ ಇತ್ತು. ಡಿಪೋ ಅಣ್ಣ ಒಪ್ಪಲಿಲ್ಲ. ‘ಏನ್ರಮ್ಮಾ, ಜೂನ್‌ನಲ್ಲಿ ಮಳೆ ಅಂತೀರ, ನವೆಂಬರಲ್ಲೂ ಮಳೆ ಅಂತೀರ. ಆಡೋದು ಯಾವಾಗ?’ ಅಂತ ಕೇಳಿದರು. ಮಾರನೇ ಬೆಳಿಗ್ಗೆ ನೋಡಿದರೆ ನೆಟ್ ಕಂಬದ ಹತ್ತಿರ ಗೋಣಿಚೀಲಗಳ ಒಂದು ಕಂತೆ.

ಆ ಗೋಣಿಚೀಲದಿಂದ ನಮ್ಮ ದಿನ ಶುರುವಾಗುತ್ತಿತ್ತು. ಇಬ್ಬರು ಎರಡು ತುದಿ ಹಿಡಿದು ಕೋರ್ಟಿನ ಮೇಲೆ ಎಳೆಯಬೇಕು. ನೀರು ಹೀರಿದ ಚೀಲವನ್ನು ಬೇಲಿಯಾಚೆ ಹಿಂಡಬೇಕು. ಮತ್ತೆ ಎಳೆಯಬೇಕು. ಬರಿಗಾಲಲ್ಲಿ ಕೆಂಪು ಮಣ್ಣಿನ ಮೇಲೆ ನಡೆದು ಎಲ್ಲಿ ಮೆತ್ತಗಿದೆ ನೋಡಬೇಕು. ಯಾರೋ ಸಾಮಿಲ್ಲಿನಿಂದ ಮರದ ಹೊಟ್ಟು ತಂದು ಸುರಿದರು. ಅದು ಮಣ್ಣಿನ ಜೊತೆ ಸೇರಿ ಶೂಗೆ ಅಂಟಿಕೊಂಡು, ಒಬ್ಬೊಬ್ಬರೂ ಎರಡಿಂಚು ಎತ್ತರವಾದೆವು. ಬೋರ್ಡ್ ಸರ್ ‘ಹೊಟ್ಟು ಬೇಡ, ಹೊಳೆ ಮರಳು ತನ್ನಿ, ಅದೂ ಜರಡಿ ಹಿಡಿದು, ತೆಳ್ಳಗೆ’ ಅಂದರು. ಅದು ಸರಿಹೋಯಿತು. ಸುಣ್ಣದ ಗೆರೆ ಒಂದೇ ರಾತ್ರಿಗೆ ಕರಗಿ ಹೋಗುತ್ತಿತ್ತು. ಟೈಲರ್ ಅಣ್ಣ ಮಂಚಕ್ಕೆ ಹೆಣೆಯುವ ನವಾರದ ಪಟ್ಟಿಯನ್ನು ಹೊಲಿದು ಉದ್ದ ಮಾಡಿಕೊಟ್ಟರು. ಅದನ್ನು ಮೊಳೆ ಹೊಡೆದು ನೆಲಕ್ಕೆ ಕೂರಿಸಿದೆವು. ಅಳತೆಗೆ ಡಿಪೋ ಅಣ್ಣನ ಉಕ್ಕಿನ ಟೇಪು. ಒಂದು ಸೆಂಟಿಮೀಟರ್ ಆಚೀಚೆ ಆದರೂ ಅವರು ಮೊಳೆ ಕೀಳಿಸುತ್ತಿದ್ದರು.

ಚೆಂಡು ಒಣಗಿಸುವುದು ಇನ್ನೊಂದು ಕಥೆ. ಹಾಸ್ಟೆಲ್‌ನಲ್ಲಿ ಸ್ನಾನದ ನೀರಿಗೆ ಸೌದೆ ಒಲೆ ಇತ್ತು, ಮೇಲೆ ದೊಡ್ಡ ತಾಮ್ರದ ಹಂಡೆ. ಒದ್ದೆ ಚೆಂಡುಗಳನ್ನು ಹಳೆಯ ಸಾಕ್ಸಿಗೆ ತುಂಬಿ ಹಂಡೆಯ ಮೇಲಿನ ತೊಲೆಗೆ ಕಟ್ಟುತ್ತಿದ್ದೆವು. ಅಡುಗೆಯಕ್ಕನಿಗೆ ಮೊದಮೊದಲು ಸಿಟ್ಟು. ‘ನಂಗೆ ಸೌದೆ ಒಣಗ್ತಿಲ್ಲ, ನಿಮಗೆ ಚೆಂಡಿನ ಚಿಂತೆ’ ಅನ್ನುತ್ತಿದ್ದರು. ಆಮೇಲೆ ಅವರೇ ದಿನಕ್ಕೆರಡು ಸಲ ಸಾಕ್ಸು ತಿರುಗಿಸಿ ಹಾಕುವುದಕ್ಕೆ ಶುರು ಮಾಡಿದರು. ಒಂದು ಸಲ ಹಗ್ಗ ಜಾರಿ ಒಂದು ಚೆಂಡು ಒಲೆಯ ಬಾಯಿಗೆ ಬಿತ್ತು. ಕೂದಲು ಸುಟ್ಟ ವಾಸನೆ ಬಾತ್‌ರೂಮಿನಿಂದ ಊಟದ ಹಾಲ್‌ವರೆಗೂ ಹಬ್ಬಿತು. ವಾರ್ಡನ್ ಮೇಡಂ ಯಾರದೋ ತಲೆಗೆ ಬೆಂಕಿ ಬಿದ್ದಿದೆ ಅಂತ ಓಡಿ ಬಂದರು. ಹೀಗೆ ಒಣಗಿದ ಚೆಂಡು ಪೂರ್ತಿ ಗುಂಡಗೆ ಉಳಿಯುತ್ತಿರಲಿಲ್ಲ. ಉಣ್ಣೆ ಗಟ್ಟಿಯಾಗಿ ಒಂದು ಕಡೆ ವಾಲುತ್ತಿತ್ತು. ಬ್ಯಾಂಕ್ ಅಂಕಲ್‌ಗೆ ಮಾತ್ರ ಅದೇ ಇಷ್ಟ. ಅವರು ಕೆಳಗಿನಿಂದ ತಿರುವಿ ಸರ್ವ್ ಮಾಡಿದರೆ ಆ ಸೊಟ್ಟ ಚೆಂಡು ಎತ್ತ ತಿರುಗುತ್ತದೆ ಅಂತ ಅವರಿಗೂ ಗೊತ್ತಿರುತ್ತಿರಲಿಲ್ಲ.

ಆ ನವೆಂಬರ್‌ನಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ಕುಂದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದರು, ರಿಲೇಯಲ್ಲೂ ಗೆದ್ದರು. ಮಹಿಳಾ ಕಬಡ್ಡಿ ಮೊದಲ ಸಲ ಏಷ್ಯನ್ ಗೇಮ್ಸ್‌ಗೆ ಸೇರಿದ್ದೂ ಆಗಲೇ. ಚಿನ್ನ ಗೆದ್ದ ಆ ತಂಡದಲ್ಲಿ ಕಾರ್ಕಳ ಕಡೆಯ ಮಮತಾ ಪೂಜಾರಿ ಇದ್ದರು. ಹಾಸ್ಟೆಲ್ ಟಿವಿಯ ಮುಂದೆ ಜಾಗಕ್ಕೆ ಜಗಳ. ಮರುದಿನ ಬೆಳಿಗ್ಗೆ ಎಂದೂ ಆಟದ ಕಡೆ ತಲೆ ಹಾಕದವರೂ ಬಂದು ಗೋಣಿಚೀಲ ಹಿಡಿದರು. ಒಂದು ವಾರ ಬಂದರು ಅನ್ನಿ. ಆಮೇಲೆ ಚಳಿ, ಪರೀಕ್ಷೆ ಅಂತ ಒಬ್ಬೊಬ್ಬರೇ ಜಾರಿಕೊಂಡರು.

ಡಿಸೆಂಬರ್‌ನಲ್ಲಿ ಮೆಸ್ಸಿನಿಂದ ಈರುಳ್ಳಿ ಮಾಯವಾಯಿತು. ನಾಸಿಕ್ ಕಡೆಯೂ ಅಕಾಲ ಮಳೆ ಬಿದ್ದು ಬೆಳೆ ಕೊಳೆತಿತ್ತು. ದೆಹಲಿಯಲ್ಲಿ ಕಿಲೋಗೆ 80 ರೂಪಾಯಿ ಅಂತ ಪೇಪರಿನಲ್ಲಿ ಬಂತು. ಸರ್ಕಾರ ರಫ್ತು ನಿಲ್ಲಿಸಿತು, ಪಾಕಿಸ್ತಾನದಿಂದಲೂ ಈರುಳ್ಳಿ ಬಂತು. ನಮ್ಮ ಅಡುಗೆಯಕ್ಕ ಉಪ್ಪಿಟ್ಟಿಗೆ ಎಲೆಕೋಸು ಹೆಚ್ಚಿ ಹಾಕಿದರು. ಎಲೆಕೋಸಿನ ಉಪ್ಪಿಟ್ಟನ್ನು ನಾನು ಇವತ್ತಿಗೂ ತಿನ್ನುವುದಿಲ್ಲ.

ಮಳೆ ನಮಗೆ ಆಟದ ತೊಂದರೆ ಮಾತ್ರ. ಮನೆಗಳಲ್ಲಿ ಕಥೆ ಬೇರೆ ಇತ್ತು. ಕಡೂರಿನ ಗೆಳತಿಯ ಮನೆಯಲ್ಲಿ ಕೊಯ್ದು ಹಾಕಿದ ರಾಗಿ ತೆನೆಯಲ್ಲೇ ಮೊಳಕೆ ಬಂತು. ಮಲೆನಾಡಿನ ಕಡೆ ಕಾಫಿ ಕುಯ್ಲಿನ ಹೊತ್ತು. ಅರೇಬಿಕಾ ಹಣ್ಣಾಗಿ ನಿಂತಾಗ ಮಳೆ ಬಿದ್ದರೆ ಹಣ್ಣು ಒಡೆಯುತ್ತದೆ, ಉದುರುತ್ತದೆ. ಕುಯ್ದು ತಂದದ್ದು ಕಣದಲ್ಲಿ ಒಣಗುವುದಿಲ್ಲ. ಗುಡ್ಡೆ ಹಾಕಿ ಮುಚ್ಚಿಟ್ಟರೆ ಒಳಗೊಳಗೇ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ. ನಮ್ಮ ಕ್ಯಾಪ್ಟನ್ ಮನೆಯವರದು ಮೂಡಿಗೆರೆ ಹತ್ತಿರ ಸಣ್ಣ ತೋಟ. ಆಳು ಸಿಗುತ್ತಿಲ್ಲ ಅಂತ ಅವಳಪ್ಪ ಫೋನ್ ಮಾಡಿದ್ದರು. ಶನಿವಾರ ಅವಳು ಊರಿಗೆ ಹೊರಟಾಗ ಬೋರ್ಡ್ ಸರ್ ‘ನೀನೊಬ್ಬಳೇ ಹೋಗಿ ಏನ್ ಮಾಡ್ತೀಯಮ್ಮ?’ ಅಂದರು. ಭಾನುವಾರ ಬೆಳಿಗ್ಗೆ ಇಡೀ ಕ್ಲಬ್ಬು ಒಂದು ಜೀಪಿನಲ್ಲಿ ತುಂಬಿಕೊಂಡು ಹೊರಟಿತು. ವಾರ್ಡನ್‌ಗೆ ‘ಕ್ರೀಡಾ ತರಬೇತಿ’ ಅಂತ ಬರೆದುಕೊಟ್ಟಿದ್ದೆವು.

ಬಿಸಿಲು ಬಂದ ತಕ್ಷಣ ಟಾರ್ಪಾಲ್ ಸರಿಸಿ ಹಣ್ಣು ಹರಡಬೇಕು. ಮರದ ಹಲಗೆಯಿಂದ ತಿರುವಿ ಹಾಕುತ್ತಲೇ ಇರಬೇಕು. ಮುಳ್ಳಯ್ಯನಗಿರಿ ಕಡೆಯಿಂದ ಮೋಡ ಏಳುವುದು ಕಂಡರೆ ಓಡಿ ಗುಡ್ಡೆ ಮಾಡಿ ಮತ್ತೆ ಟಾರ್ಪಾಲ್ ಎಳೆಯಬೇಕು. ಬೋರ್ಡ್ ಸರ್ ಜೀವಮಾನವಿಡೀ ಕಾಫಿ ಬಗ್ಗೆ ಬೆಳೆಗಾರರಿಗೆ ಬುದ್ಧಿ ಹೇಳಿದವರು. ಅವತ್ತು ಪಂಚೆ ಎತ್ತಿ ಕಟ್ಟಿ ಹಲಗೆ ಹಿಡಿದರು. ಒಂದು ಹಿಡಿ ಚೆರಿ, ಅಂದರೆ ಒಣಗಲು ಹಾಕಿದ ಕಾಫಿ ಹಣ್ಣು, ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ‘ಇನ್ನೂ ಗಲಗಲ ಅನ್ತಿಲ್ಲ, ಒಣಗಿಲ್ಲ’ ಅಂತ ನಮಗೂ ತೋರಿಸಿಕೊಟ್ಟರು. ಮಧ್ಯಾಹ್ನ ಅಕ್ಕಿ ರೊಟ್ಟಿ, ಕೆಸುವಿನ ಪಲ್ಯ. ನಡುವೆ ಮಳೆ ಬಂದಾಗ ಗೋಡೌನಿನೊಳಗೆ ಮೂಟೆಗಳ ಮಧ್ಯೆ ಹಗ್ಗ ಕಟ್ಟಿ ಆಡಿದೆವು. ಮಾಡು ತಗ್ಗು, ಚೆಂಡು ಎತ್ತರಕ್ಕೆ ಹೊಡೆಯುವಂತಿಲ್ಲ. ಮುಂದೆ ಆಡುವ ಹುಡುಗಿಯರಿಗೆ ತಗ್ಗಾಗಿ ತಳ್ಳಿ ಆಡುವುದು ಕೈಗೆ ಹತ್ತಿದ್ದು ಅಲ್ಲೇ.

ಡಿಸೆಂಬರ್‌ನಲ್ಲಿ ಆಗಬೇಕಿದ್ದ ಅಂತರ ಕಾಲೇಜು ಪಂದ್ಯ ಮಳೆಯಿಂದ ಮುಂದಕ್ಕೆ ಹೋಗಿ ಜನವರಿ ಕೊನೆಗೆ ನಿಂತಿತು. ಜಾಗ ಶಂಕರಘಟ್ಟ, ನಮ್ಮ ವಿಶ್ವವಿದ್ಯಾಲಯದ ಅಂಗಳ. ಆಗ ಚಿಕ್ಕಮಗಳೂರಿಗೆ ರೈಲು ಇರಲಿಲ್ಲ, ಅದು ಬಂದದ್ದು 2013ರ ನವೆಂಬರ್‌ನಲ್ಲಿ. ಬೆಳಗಿನ ಬಸ್ಸಿನಲ್ಲಿ ತರೀಕೆರೆ ಮೇಲೆ ಹೋದೆವು. ಡಿಪೋ ಅಣ್ಣ ಡ್ರೈವರ್‌ಗೆ ‘ನಮ್ಮ ಮಕ್ಕಳು, ನಿಧಾನ’ ಅಂತ ಹೇಳಿ ಕಳಿಸಿದ್ದರು. ಡ್ರೈವರ್ ಎಷ್ಟು ನಿಧಾನ ಮಾಡಿದರು ಅಂದರೆ ಮೊದಲ ಪಂದ್ಯಕ್ಕೆ ವಾರ್ಮ್ ಅಪ್ ಮಾಡಲೂ ಹೊತ್ತು ಉಳಿಯಲಿಲ್ಲ.

ಅಲ್ಲಿ ಬಿಸಿಲು. ಗಟ್ಟಿ ಒಣ ನೆಲ. ಪೊಟ್ಟಣ ಒಡೆದು ತೆಗೆದ ಹೊಸ ಚೆಂಡು. ನಾವು ಎರಡು ತಿಂಗಳು ನೀರು ಕುಡಿದ ಚೆಂಡನ್ನು ಹೊಡೆದವರು. ಹೊಡೆದದ್ದೆಲ್ಲ ಔಟ್. ನನ್ನ ಮೊದಲ ಚೆಂಡು ಹಿಂದಿನ ಗೆರೆ ದಾಟಿ, ಕೂತಿದ್ದವರ ತಲೆ ದಾಟಿ, ಮರದಾಚೆ ಬಿತ್ತು. ಎದುರಿನವರು ಸುಮ್ನೆ ನಿಂತು ನೋಡಿದರೇ ಪಾಯಿಂಟು. ಮೊದಲ ಗೇಮ್ ಹಾಗೇ ಹೋಯಿತು. ಎರಡನೆಯದರಲ್ಲಿ ಕ್ಯಾಪ್ಟನ್ ‘ಗೋಡೌನ್ ಆಟ ಆಡ್ರೇ’ ಅಂತ ಕೂಗಿದಳು. ಎತ್ತರದ ಹೊಡೆತ ಬಿಟ್ಟೆವು. ತಗ್ಗಾಗಿ, ನೆಟ್ಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ತಳ್ಳಿದೆವು. ಅದನ್ನು ಗೆದ್ದೆವು. ಆ ಪಂದ್ಯ, ಅದರ ಮುಂದಿನದು ಎರಡೂ ನಮ್ಮದಾಯಿತು. ಸೆಮಿಫೈನಲ್‌ನಲ್ಲಿ ಮೂರನೇ ಗೇಮ್ 29–26ಕ್ಕೆ ಸೋತೆವು. ಗೆದ್ದವರು ನಮಗಿಂತ ಚೆನ್ನಾಗಿ ಆಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೂ ನಮಗೆ ಇನ್ನೊಂದು ವಾರ ಒಣ ನೆಲ ಸಿಕ್ಕಿದ್ದರೆ ಅಂತ ನಾನು ಈಗಲೂ ವಾದ ಮಾಡುತ್ತೇನೆ.

ಹೋದ ವರ್ಷ ಕಾಲೇಜಿಗೆ ಬಂದಿದ್ದೆ. ಕೋರ್ಟಿನ ಅರ್ಧಕ್ಕೆ ಬೈಕು ನಿಂತಿದ್ದವು. ಉಳಿದರ್ಧದಲ್ಲಿ ಒಂದು ಕಂಬ ಇನ್ನೂ ಇದೆ. ಬೋರ್ಡ್ ಸರ್ ಈಗಿಲ್ಲ. ಡಿಪೋ ಅಣ್ಣ ರಿಟೈರ್ ಆಗಿದ್ದಾರೆ, ಬೇರೆ ಶಾಲೆಯೊಂದರ ಮೈದಾನದಲ್ಲಿ ಮಕ್ಕಳಿಗೆ ಆಡಿಸುತ್ತಾರೆ. ಕಾಲೇಜಿನವರು ಒಳಾಂಗಣ ಕ್ರೀಡಾಂಗಣಕ್ಕೆ ಯೋಜನೆ ಹಾಕಿದ್ದಾರಂತೆ. ಒಳ್ಳೆಯದೇ. ಮಳೆ ಮೊದಲಿನಂತೆ ಹೇಳಿ ಕೇಳಿ ಬರುತ್ತಿಲ್ಲ, 2021ರ ಜನವರಿಯಲ್ಲೂ ನಮ್ಮ ಕಡೆ ಕಣದ ಕಾಫಿ ತೊಯ್ದು ಹೋಯಿತು. ಒಂದೇ ಒಂದು ಮಾತು. ಶಟಲ್ ಕೋರ್ಟಿಗೆ 13.4 ಮೀಟರ್ ಸಾಕು, ಅದನ್ನೇ ಅಳೆದು ಗೋಡೆ ಎಬ್ಬಿಸಿದರೆ ನಮ್ಮ ಆಟ ಒಳಗೆ ಹಿಡಿಸುವುದಿಲ್ಲ. ದಯವಿಟ್ಟು ನಕ್ಷೆಯಲ್ಲಿ 24 ಮೀಟರ್ ಬಿಡಿ, ಹಿಂದೆ ಆಡುವವರಿಗೆ ಓಡಲು ಇನ್ನೂ ಒಂದಿಷ್ಟು. ಅಳತೆಗೆ ಜನ ಬೇಕಿದ್ದರೆ ಡಿಪೋ ಅಣ್ಣ ಬರುತ್ತಾರೆ, ನಾನು ಕೇಳಿಯೇ ಬರೆಯುತ್ತಿದ್ದೇನೆ. ಟೇಪು ಅವರೇ ತರುತ್ತಾರಂತೆ.