ದಾವಣಗೆರೆಗೆ ಮರಳುವ ಮಾತು ಮತ್ತು ಎರಡನೆಯ ಕೆಲಸ

ಬೆಂಗಳೂರಿನಲ್ಲಿರುವ ದಾವಣಗೆರೆಯವರು ನಾಲ್ಕು ಜನ ಒಂದೆಡೆ ಸೇರಿದರೆ, ಊಟ ಮುಗಿಯುವುದರೊಳಗೆ ಯಾರಾದರೊಬ್ಬರು ಊರಿಗೆ ಮರಳುವ ಮಾತೆತ್ತುತ್ತಾರೆ. ಒಬ್ಬರು ಟ್ರಾಫಿಕ್ಕನ್ನು ಶಪಿಸುತ್ತಾರೆ, ಇನ್ನೊಬ್ಬರು ವಿದ್ಯಾನಗರದಲ್ಲೋ ನಿಜಲಿಂಗಪ್ಪ ಬಡಾವಣೆಯಲ್ಲೋ ಕೊಂಡಿಟ್ಟ ಸೈಟಿನ ಈಗಿನ ಬೆಲೆ ಹೇಳುತ್ತಾರೆ, ಮೂರನೆಯವರು ಬೆಣ್ಣೆ ದೋಸೆಯ ಸುದ್ದಿ ತೆಗೆಯುತ್ತಾರೆ. (ದೋಸೆಗಾಗಿ ಊರಿಗೆ ಹೋಗುತ್ತೇನೆನ್ನುವವರನ್ನು ನಾನು ನಂಬುವುದಿಲ್ಲ. ಊರು ಬಿಟ್ಟು ಹೋಗಿ ಉದ್ಧಾರವಾದವರ ಪಟ್ಟಿಯಲ್ಲಿ ಮೊದಲ ಹೆಸರೇ ಬೆಣ್ಣೆ ದೋಸೆಯದು. ಬೆಂಗಳೂರಿನ ಯಾವ ಮೂಲೆಗೆ ಹೋದರೂ ಅದರ ಬೋರ್ಡು ಕಾಣುತ್ತದೆ.) ಇಷ್ಟೆಲ್ಲ ಮಾತಾದ ಮೇಲೂ ಸಾಮಾನ್ಯವಾಗಿ ಯಾರೂ ಮರಳುವುದಿಲ್ಲ. ಇದಕ್ಕೆ ಸಂಬಳವನ್ನೋ ಮಹಾನಗರದ ಚಟವನ್ನೋ ಕಾರಣವಾಗಿ ಹೇಳುವುದು ರೂಢಿ. ನನಗೆ ಕಾಣುವ ಕಾರಣ ಬೇರೆ. ನಮ್ಮ ಊರಿನಷ್ಟು ದೊಡ್ಡ ಊರಿನಲ್ಲಿ ಹುಡುಕಿದರೆ ಒಂದು ಕೆಲಸ ಸಿಗುತ್ತದೆ. ಸಿಗದಿರುವುದು ಎರಡನೆಯ ಕೆಲಸ. ಇರುವ ಕೆಲಸ ಕೈತಪ್ಪಿದರೆ ಮರುತಿಂಗಳು ಹೋಗಿ ಸೇರಿಕೊಳ್ಳುವುದಕ್ಕೆ ಅದೇ ಬಗೆಯ ಇನ್ನೊಂದು ಕೆಲಸ, ಮತ್ತು ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಸಿಕ್ಕಾಗ ಇನ್ನೊಬ್ಬರಿಗೂ ಅವರು ಓದಿದ್ದಕ್ಕೆ ತಕ್ಕ ಕೆಲಸ, ಈ ಎರಡೂ ಅರ್ಥದಲ್ಲಿ.

ಇದು ನನಗೆ ಪುಸ್ತಕ ಓದಿ ಹೊಳೆದ ವಿಚಾರವಲ್ಲ, ನಮ್ಮ ಮನೆಯಲ್ಲೇ ಆಗಿಹೋದದ್ದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತೆಂದು ಶಾಲೆಯ ಪಾಠಗಳಲ್ಲಿ ಓದಿದವರಿದ್ದಾರೆ. ಕಾಟನ್ ಮಿಲ್, ಗಣೇಶ ಮಿಲ್, ಆಂಜನೇಯ ಮಿಲ್, ಶಂಕರ ಮಿಲ್ ಎಂದು ಹೆಸರು ಹೇಳುತ್ತಾ ಹೋದರೆ ಅದೇ ಊರಿನ ನಕ್ಷೆಯಾಗುತ್ತಿತ್ತು. ಪಾಳಿಯ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರು ಅದು. ಕಾರ್ಮಿಕರ ಮತದಿಂದಲೇ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಮೂರು ಬಾರಿ ವಿಧಾನಸಭೆಗೆ ಕಳಿಸಿದ ಊರು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಕ್ಕದ ಹರಿಹರದಲ್ಲಿ 1940ರ ದಶಕದಿಂದ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕೂಡ 2000ದ ದಶಕದ ಆರಂಭಕ್ಕೆ ನಿಂತುಹೋಯಿತು. ಇವತ್ತು ಡಿ.ಸಿ.ಎಂ. ಟೌನ್‌ಶಿಪ್ ಎಂದು ವಿಳಾಸ ಬರೆಯುವ ಹುಡುಗರಲ್ಲಿ ಎಷ್ಟೋ ಜನರಿಗೆ ಆ ಮೂರಕ್ಷರ ಒಂದು ಹತ್ತಿ ಗಿರಣಿಯದೆಂದು ಗೊತ್ತಿಲ್ಲ.

ಅಪ್ಪಾಜಿ ಅಂಥ ಮಿಲ್ಲೊಂದರ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಿಲ್ಲು ಮುಚ್ಚಿದಾಗ ಅವರಿಗೆ ನಲವತ್ತರ ಆಸುಪಾಸು. ಲೆಕ್ಕ ಬರೆಯುವವರಿಗೆ ಹೇಗೋ ಒಂದು ದಾರಿ ಇತ್ತು. ಮೆಕ್ಕೆಜೋಳದ ವ್ಯಾಪಾರ ಬೆಳೆಯುತ್ತಿದ್ದ ಎ.ಪಿ.ಎಂ.ಸಿ.ಯಲ್ಲಿ ದಲ್ಲಾಳಿ ಅಂಗಡಿಯೊಂದಕ್ಕೆ ಗುಮಾಸ್ತರಾಗಿ ಹೋದರು. ಸಂಬಳ ಅರ್ಧಕ್ಕಿಳಿಯಿತು, ಪಿ.ಎಫ್. ಇಲ್ಲವಾಯಿತು, ರೋಕಡಿ ಪುಸ್ತಕದ ಜೊತೆಗೆ ಚೀಲದ ತೂಕ ನೋಡುವ ಕೆಲಸವೂ ಅಂಟಿಕೊಂಡಿತು. ನೂಲುವ ಯಂತ್ರದ ಮುಂದೆ ನಿಂತವರಿಗೆ ಅಷ್ಟೂ ದಾರಿ ಇರಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬರು ಆಟೋ ಕೊಂಡರು, ಒಬ್ಬರು ಸಂಜೆ ಹೊತ್ತು ಖಾರ ಮಂಡಕ್ಕಿ, ಮಿರ್ಚಿಯ ಗಾಡಿ ಹಾಕಿದರು, ಇಬ್ಬರು ಮಂಡಕ್ಕಿ ಭಟ್ಟಿಗೆ ಹೋಗಿ ದಿನವಿಡೀ ಬೆಂಕಿಯ ಮುಂದೆ, ಕಾದ ಮರಳಿನ ಹೊಗೆಯಲ್ಲಿ ನಿಂತರು. ಯಾರೂ ಉಪವಾಸ ಬೀಳಲಿಲ್ಲ, ಅದು ಊರಿನ ದೊಡ್ಡತನವೆಂದು ಹೇಳಬಹುದು. ಆದರೆ ಕಲಿತ ಕಸುಬಿನಲ್ಲಿ ಮುಂದುವರಿದವರು ನಾನು ಕಂಡಂತೆ ಒಬ್ಬರೂ ಇರಲಿಲ್ಲ. ಮಿಲ್ಲಿನಿಂದ ಮಿಲ್ಲಿಗೆ ಹೋಗಬಹುದಾಗಿದ್ದ ಕಾಲ ಮುಗಿದ ಕೂಡಲೇ ನುರಿತ ಕೈಗಳೆಲ್ಲ ಬರಿಯ ಕೈಗಳಾದವು.

ಆನಂತರ ಊರು ತನ್ನ ಕಸುಬನ್ನೇ ಬದಲಿಸಿತು. ಬಟ್ಟೆಯ ಬದಲು ಪದವೀಧರರನ್ನು ತಯಾರಿಸತೊಡಗಿತು. 1951ರಲ್ಲೇ ಆರಂಭವಾಗಿದ್ದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1965ರ ಜೆ.ಜೆ.ಎಂ. ಮೆಡಿಕಲ್ ಕಾಲೇಜು, 1979ರ ಬಿ.ಐ.ಇ.ಟಿ. ಎಂಜಿನಿಯರಿಂಗ್ ಕಾಲೇಜು, ಮುಂದೆ ಇನ್ನೊಂದು ಮೆಡಿಕಲ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ. 1997ರಲ್ಲಿ ಜಿಲ್ಲಾ ಕೇಂದ್ರವಾದದ್ದರಿಂದ ಬಂದ ಕಚೇರಿಗಳು ಬೇರೆ. ಹೊರಗಿನಿಂದ ನೋಡುವವರಿಗೆ ಇದು ಮಿಲ್ಲುಗಳ ನಷ್ಟವನ್ನು ತುಂಬಿಕೊಂಡ ಕಥೆಯಂತೆ ಕಾಣುತ್ತದೆ. ಒಳಗೆ ಇದ್ದವರಿಗೆ ಒಂದು ವ್ಯತ್ಯಾಸ ಗೊತ್ತು. ಇಲ್ಲಿ ಓದಿದ ವೈದ್ಯರು ಇಲ್ಲೇ ಉಳಿಯಬಲ್ಲರು. ಇಲ್ಲಿ ಓದಿದ ಎಂಜಿನಿಯರುಗಳು ಉಳಿಯಲಾರರು. ವೈದ್ಯರಿಗೆ ಒಂದು ಆಸ್ಪತ್ರೆಯಲ್ಲಿ ಹೊಂದಾಣಿಕೆಯಾಗದಿದ್ದರೆ ಇನ್ನೊಂದಿದೆ, ಅದೂ ಬೇಡವೆಂದರೆ ಪಿ.ಜೆ. ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ ಸ್ವಂತ ಕ್ಲಿನಿಕ್ಕಿನ ಬೋರ್ಡು ಹಾಕಬಹುದು. ಸುತ್ತಲಿನ ಜಗಳೂರು, ಹರಪನಹಳ್ಳಿ, ಚನ್ನಗಿರಿ, ರಾಣೆಬೆನ್ನೂರುಗಳಿಂದ ಬಸ್ಸು ಹತ್ತಿ ಬರುವ ರೋಗಿಗಳಿಗೆ ಕೊರತೆಯಿಲ್ಲ. ನನ್ನ ಜೊತೆ ಪಿ.ಯು.ಸಿ. ಓದಿ ಮೆಡಿಕಲ್ ಸೇರಿದವರಲ್ಲಿ ಸುಮಾರು ಜನ ಊರಿನಲ್ಲೇ ಇದ್ದಾರೆ. ಎಂಜಿನಿಯರಿಂಗ್ ಸೇರಿದ ನಾವು ಕ್ಯಾಂಪಸ್ ಆಯ್ಕೆಯ ದಿನವೇ ಬೆಂಗಳೂರಿನ ಬಸ್ಸಿನ ಟಿಕೆಟ್ಟು ಕೈಯಲ್ಲಿ ಹಿಡಿದವರು. ಒಂದೇ ಊರು, ಒಂದೇ ಕಾಲ, ಹೆಚ್ಚುಕಡಿಮೆ ಒಂದೇ ಅಂಕಗಳು. ಹಾಗಾಗಿ ಊರಿನಲ್ಲಿ ಉಳಿಯುವುದು ಊರಿನ ಮೇಲಿನ ಪ್ರೀತಿಯ ಅಳತೆ, ಬಿಟ್ಟು ಹೋಗುವುದು ದುರಾಸೆಯ ಅಳತೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ತಂತ್ರಜ್ಞಾನದ ಕಂಪನಿಗಳನ್ನು ಬೆಂಗಳೂರಿನಾಚೆಗೂ ಒಯ್ಯಲು ಸರಕಾರ 'ಬಿಯಾಂಡ್ ಬೆಂಗಳೂರು' ಎಂದು ಹೊರಟಾಗ ಮೊದಲಿಗೆ ಹೇಳಿದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳ ಹೆಸರನ್ನು. ಅದರಲ್ಲಿ ಅನ್ಯಾಯವಿದೆ ಎಂದು ನನಗನ್ನಿಸುವುದಿಲ್ಲ. ಕಂಪನಿಗೂ ನೌಕರರಿಗೂ ಇರುವುದು ಒಂದೇ ಚಿಂತೆ: ಹತ್ತು ಕಂಪನಿಗಳಿಲ್ಲದ ಊರಿಗೆ ನುರಿತವರು ಬರುವುದಿಲ್ಲ, ನುರಿತವರಿಲ್ಲದ ಊರಿಗೆ ಕಂಪನಿ ಬರುವುದಿಲ್ಲ. 2011ರ ಜನಗಣತಿಯಲ್ಲಿ 4.3 ಲಕ್ಷ ದಾಟಿದ್ದ ಊರು ನಮ್ಮದು. ಆ ಗಾತ್ರದ ಊರಿನಲ್ಲಿ ಕಿರಾಣಿಗೂ ಬಟ್ಟೆಗೂ ಆಸ್ಪತ್ರೆಗೂ ಬೇಕಾದಷ್ಟು ಗಿರಾಕಿಗಳಿರುತ್ತಾರೆ. ಆದರೆ ಒಂದು ವಿಶೇಷ ವಿದ್ಯೆಗೆ ಇಬ್ಬರು ಯಜಮಾನರು ಇರುವುದಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂದಾಗ ನಾವೆಲ್ಲ ಹಿಗ್ಗಿದ್ದೆವು. ರಸ್ತೆಗಳು ಆದವು, ಚರಂಡಿಗಳೂ ಆದವು. ರಸ್ತೆ ಬೇಕು, ಬೇಡವೆನ್ನುವುದಿಲ್ಲ. ಆದರೆ ರಸ್ತೆ ಚೆನ್ನಾಗಿದೆಯೆಂದು ಯಾರೂ ರಾಜೀನಾಮೆ ಕೊಟ್ಟು ಊರಿಗೆ ಹೋಗುವುದಿಲ್ಲ.

ನಮ್ಮ ಮಟ್ಟಿಗೆ ಈ ವಿಚಾರ ಮಾತಿನಿಂದ ಕೆಲಸಕ್ಕೆ ಇಳಿದದ್ದು 2020ರ ಲಾಕ್‌ಡೌನಿನಲ್ಲಿ. ಮನೆಯಿಂದಲೇ ಕೆಲಸ ಎಂದಾದ ಮೇಲೆ ನಾನು ಮಗಳನ್ನು ಕರೆದುಕೊಂಡು ಅಪ್ಪಾಜಿಯ ಮನೆಗೆ ಹೋದೆ. ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನ ಗಂಡ ಬೆಂಗಳೂರಿನಲ್ಲೇ ಉಳಿದರು. ಅವರ ಕೆಲಸವನ್ನು ಲ್ಯಾಪ್‌ಟಾಪಿಗೆ ತುಂಬಿ ತರುವಂತಿರಲಿಲ್ಲ. ಮಹಡಿಯ ಕೋಣೆಯಲ್ಲಿ ಮೇಜು ಹಾಕಿಕೊಂಡೆ, ಇಂಟರ್ನೆಟ್ ಎಳೆಸಿದೆ, ಕರೆಂಟು ಹೋದಾಗಿನ ಮಟ್ಟಿಗೆ ಯು.ಪಿ.ಎಸ್. ತರಿಸಿದೆ. ಕೆಲಸಕ್ಕೆ ಒಂದಿಷ್ಟೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಬೇರೆ ಕಡೆ. ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ಪಕ್ಕದ ಮನೆಯ ದೊಡ್ಡಮ್ಮ ಗೋಡೆಯಾಚೆಯಿಂದ ಕೇಳುತ್ತಿದ್ದರು, "ಇನ್ನೂ ಎಷ್ಟು ದಿನ ಇರ್ತೀಯವ್ವಾ? ಅಳಿಯಂದ್ರು ಅಲ್ಲಿ ಊಟಕ್ಕೇನ್ ಮಾಡ್ತಾರೆ?" ಎದುರು ಮನೆಯ ಹುಡುಗನೂ ಅದೇ ಸಮಯಕ್ಕೆ ಪುಣೆಯಿಂದ ಹೆಂಡತಿ ಮಕ್ಕಳೊಂದಿಗೆ ಬಂದು ಕೂತು ಕೆಲಸ ಮಾಡುತ್ತಿದ್ದ. ಅವನನ್ನು ಯಾರೂ ಎಷ್ಟು ದಿನ ಎಂದು ಕೇಳಲಿಲ್ಲ. ಅವನ ಬಗ್ಗೆ "ತಂದೆತಾಯಿ ನೋಡ್ಕೊಳ್ಳಾಕೆ ಬಂದಾನೆ" ಎಂಬ ಮೆಚ್ಚುಗೆ ಓಣಿಯ ತುಂಬ ಇತ್ತು. ಊರಿಗೆ ಮರಳುವುದೆಂದರೆ ಗಂಡಸು ತನ್ನ ಊರಿಗೆ ಮರಳುವುದೆಂದೇ ನಮ್ಮಲ್ಲಿ ತಿಳಿವಳಿಕೆ. ಹೆಣ್ಣಿಗೆ ಅದು ತವರು, ಬಂದು ಹೋಗುವ ಜಾಗ; ಆರು ತಿಂಗಳು ದಾಟಿದರೆ ಮನೆಯಲ್ಲಿ ಏನೋ ಸರಿಯಿಲ್ಲ ಎಂದರ್ಥ. ನನ್ನ ಗಂಡನ ಊರು ತಿಪಟೂರು. "ಊರಿಗೆ ಹೋಗ್ತೀರಂತೆ" ಎಂದು ನೆಂಟರು ಕೇಳುವಾಗ ಅವರ ಮನಸ್ಸಿನಲ್ಲಿರುವುದು ತಿಪಟೂರೇ ಹೊರತು ದಾವಣಗೆರೆಯಲ್ಲ, ನನ್ನ ತಂದೆತಾಯಿಗೆ ನಾನೊಬ್ಬಳೇ ಮಗಳೆಂದು ಗೊತ್ತಿದ್ದರೂ.

ಆ ಕಾಲದಲ್ಲಿ ಊರಿನಲ್ಲಿ ಇದ್ದದ್ದರಿಂದ ಸಿಕ್ಕ ಅನುಕೂಲಗಳನ್ನು ಕಡಿಮೆ ಮಾಡಿ ಹೇಳಲಾರೆ. ಒಂದು ರಾತ್ರಿ ಅಮ್ಮನಿಗೆ ಉಸಿರು ಕಟ್ಟಿದಂತಾದಾಗ, ಓಣಿಯ ಆಟೋದವರನ್ನು ಎಬ್ಬಿಸಿ ಆಸ್ಪತ್ರೆ ಮುಟ್ಟಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಅಲ್ಲಿ ಪಾಳಿಯಲ್ಲಿದ್ದ ವೈದ್ಯೆ ನನಗಿಂತ ಎರಡು ವರ್ಷ ಕಿರಿಯಳು, ಒಂದೇ ಶಾಲೆಯವಳು. ಅಮ್ಮನನ್ನು 'ಆಂಟಿ' ಎಂದು ಕರೆದು ಮಾತಾಡಿಸುತ್ತಲೇ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದಳು. ಬೆಂಗಳೂರಿನಲ್ಲಿ ಅದಕ್ಕಿಂತ ದೊಡ್ಡ ಆಸ್ಪತ್ರೆಗಳಿವೆ, ಆದರೆ ಅಷ್ಟು ಬೇಗ ಮುಟ್ಟುತ್ತಿದ್ದೆವೋ ಇಲ್ಲವೋ. ಬೆಂಗಳೂರಿನ ನಮ್ಮ ಬಾಡಿಗೆಯ ಹಣದಲ್ಲಿ ಊರಿನಲ್ಲಿ ಇದಕ್ಕಿಂತ ದೊಡ್ಡ ಎರಡು ಮನೆ ಹಿಡಿಯಬಹುದು. ಮಗಳು ಶಾಲೆಯಿಲ್ಲದ ಆ ದಿನಗಳಲ್ಲಿ ತಾತನ ಸೈಕಲ್ಲಿನ ಹಿಂದೆ ಕೂತು ಚೌಕಿಪೇಟೆಯನ್ನೆಲ್ಲ ಸುತ್ತಿದಳು. ಬೇಸಿಗೆಯ ಬಿಸಿಲನ್ನೂ, ನಲ್ಲಿಯಲ್ಲಿ ನೀರು ಬಿಡುವ ದಿನಕ್ಕಾಗಿ ಕಾಯುವುದನ್ನೂ ಲೆಕ್ಕದ ಆಚೆ ಬದಿಗೆ ಬರೆದುಕೊಂಡರೂ ತಕ್ಕಡಿ ಊರಿನ ಕಡೆಗೇ ವಾಲುತ್ತಿತ್ತು.

ಅಷ್ಟಾಗಿಯೂ ನಾನು ಅಲ್ಲೇ ಉಳಿಯುವ ಮಾತೆತ್ತಿದ ದಿನ ಬೇಡವೆಂದವರು ಅಪ್ಪಾಜಿ. ಅವರು ಭಾವನೆಯ ಮಾತು ಆಡುವವರಲ್ಲ. "ಈ ಕಂಪನೀರು ನಾಳೆ ಆಫೀಸಿಗೆ ಬಾ ಅಂದ್ರೆ ಏನ್ ಮಾಡ್ತಿ? ಬರಲ್ಲ ಅಂದ್ರೆ, ಇಲ್ಲಿ ಇನ್ನೊಬ್ರು ಯಾರ್ ಕೊಡ್ತಾರೆ ಇದೇ ಕೆಲಸ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕೆಲವು ತಿಂಗಳಲ್ಲಿ ಕಂಪನಿ ವಾರಕ್ಕೆ ಮೂರು ದಿನ ಕಚೇರಿಗೆ ಬರಲೇಬೇಕೆಂದು ಮೇಲ್ ಕಳಿಸಿತು. ಮನೆಯಿಂದ ಮಾಡುವ ಕೆಲಸ ಊರಿಗೆ ಬಂದ ಕೆಲಸವಲ್ಲ. ಅದು ಬೆಂಗಳೂರಿನ ಕೆಲಸವೇ, ಹಗ್ಗವನ್ನು ಸ್ವಲ್ಪ ಉದ್ದ ಬಿಟ್ಟಿರುತ್ತಾರೆ ಅಷ್ಟೇ. ಆ ಹಗ್ಗವನ್ನು ನಂಬಿ ಸಾಲ ಮಾಡಿ ಮನೆ ಕಟ್ಟಿಸಿದವರು ನನ್ನ ಪರಿಚಯದಲ್ಲಿದ್ದಾರೆ. ಅವರಲ್ಲೊಬ್ಬರು ಈಗ ಮನೆಯನ್ನು ಬಾಡಿಗೆಗೆ ಕೊಟ್ಟು ಮತ್ತೆ ಬೆಂಗಳೂರಿನ ಪಿ.ಜಿ.ಯಲ್ಲಿದ್ದಾರೆ.

ತಂದೆತಾಯಿಯನ್ನೇ ಬೆಂಗಳೂರಿಗೆ ಕರೆತರಬಾರದೇ ಎಂದು ಕೇಳುವವರಿಗೆ ಇಷ್ಟು ಹೇಳಬಲ್ಲೆ: ಎಪ್ಪತ್ತು ದಾಟಿದವರನ್ನು ಅವರ ಓಣಿಯಿಂದ ಕಿತ್ತು ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಕೂರಿಸುವುದು ನಮ್ಮ ಅನುಕೂಲ, ಅವರದಲ್ಲ. ಅಪ್ಪಾಜಿ ಬಂದರೂ ನಾಲ್ಕನೆಯ ದಿನಕ್ಕೆ ರೈಲಿನ ವೇಳೆ ಕೇಳುತ್ತಾರೆ.

ಸದ್ಯಕ್ಕೆ ನಾವು ಮಾಡಿಕೊಂಡಿರುವ ಏರ್ಪಾಡು ಮರಳುವುದೂ ಅಲ್ಲ, ಬಿಡುವುದೂ ಅಲ್ಲ. 2023ರ ಜೂನಿನಲ್ಲಿ ವಂದೇ ಭಾರತ್ ರೈಲು ಆರಂಭವಾದ ಮೇಲೆ ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ನಾಲ್ಕು ಗಂಟೆಯೊಳಗೆ ದಾವಣಗೆರೆಯಲ್ಲಿ ಇಳಿಯಬಹುದು. ಈಗಿನ ಹಳಿ ಅರಸೀಕೆರೆ, ಬೀರೂರುಗಳನ್ನು ಬಳಸಿಕೊಂಡು ಹೋಗುತ್ತದೆ, ತುಮಕೂರಿನಿಂದ ಚಿತ್ರದುರ್ಗದ ಮೇಲೆ ನೇರ ಮಾರ್ಗ ಮುಗಿದರೆ ಇನ್ನೂ ಹತ್ತಿರವಾಗುತ್ತದೆ. ನಾನು ತಿಂಗಳಲ್ಲಿ ಒಂದು ವಾರ ಊರಿನಿಂದ ಕೆಲಸ ಮಾಡುವುದಕ್ಕೆ ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ಪಡೆದಿದ್ದೇನೆ, ಉಳಿದ ಮೂರು ವಾರಗಳಿಗೆ ಪಕ್ಕದ ಬೀದಿಯ ಹುಡುಗಿಯೊಬ್ಬಳನ್ನು ಸಂಬಳ ಕೊಟ್ಟು ಗೊತ್ತುಮಾಡಿದ್ದೇವೆ. ಬೆಳಿಗ್ಗೆ ಬಂದು ಅಮ್ಮನ ಬಿ.ಪಿ. ನೋಡಿ ಬರೆದಿಟ್ಟು, ಮಾತ್ರೆ ಎತ್ತಿಕೊಟ್ಟು ಹೋಗುತ್ತಾಳೆ. ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಧ್ಯಾಪಕ ಹುದ್ದೆಯ ಜಾಹೀರಾತು ಬಂದರೆ ನೋಡುತ್ತೇನೆ. ಅದು ನನಗೆ ಒಂದು ಕೆಲಸವಾಗಬಹುದು, ಸಂಬಳ ಈಗಿನದರ ಮೂರನೇ ಒಂದು ಭಾಗವಾದರೂ ಬದುಕು ನಡೆಯುತ್ತದೆ. ಆದರೆ ಔಷಧಗಳ ಗುಣಮಟ್ಟ ಪರೀಕ್ಷಿಸುವ ನನ್ನ ಗಂಡನಿಗೆ ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಕೆಲಸವಿಲ್ಲ. ಅವರಿಗೆ ನಲವತ್ತನಾಲ್ಕು. ಆ ವಯಸ್ಸಿನಲ್ಲಿ ಕಲಿತ ಕಸುಬನ್ನು ಬಿಟ್ಟು ಬಾ ಎಂದು ಅವರಿಗೆ ನಾನು ಹೇಳುವುದಿಲ್ಲ.