ಕಚ್ಚದ ಜಿಗಣೆ

ಇವತ್ತು ಬೆಳಿಗ್ಗೆ ಇಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಕೆರೆ ಪಕ್ಕದ ಅಂಗಡಿಯಿಂದ ಒಂದು ಡಬ್ಬಿ ಜಿಗಣೆ ತಂದೆ. ಹೌದು, ದುಡ್ಡು ಕೊಟ್ಟು. ವಾಲೈ ಮೀನಿಗೆ ಗಾಳ ಹಾಕೋಕೆ. 1965ರಿಂದ ಅದು ಈ ರಾಜ್ಯದ ಅಧಿಕೃತ ಮೀನು.

ಒಂದನ್ನು ಎತ್ತಿದ ತಕ್ಷಣ ಬೆರಳಿಗೆ ಅಂಟಿಕೊಂಡಿತು. ಮಲೆನಾಡಿನ ಮಳೆಯಲ್ಲಿ ಬೆಳೆದವಳು ನಾನು, ಕೈ ತಾನಾಗೇ ಸುಣ್ಣ ಹುಡುಕಿತು. ಆದರೆ ಇದು ಕಚ್ಚಲಿಲ್ಲ. ಈ ಜಾತಿಗೆ ನಮ್ಮ ರಕ್ತ ಬೇಡ. ಹುಳು, ಬಸವನಹುಳು, ಸತ್ತ ಮೀನು, ಇಷ್ಟೇ ಇದರ ಊಟ. ಸುಮ್ನೆ ಹಿಡಿದುಕೊಂಡಿತ್ತು, ಬಾಲದ ತುದಿಯ ಆ ಪುಟ್ಟ ಬಟ್ಟಲಿನಿಂದ. ಗಾಳ ಚುಚ್ಚೋದೂ ಅಲ್ಲೇ. ಆಗ ಉಳಿದ ಮೈ ನೀರಲ್ಲಿ ರಿಬ್ಬನ್ನಿನ ಹಾಗೆ ಬಳುಕುತ್ತದೆ. ಎಷ್ಟು ಚಂದ ಈಜುತ್ತದೆ ಗೊತ್ತಾ! ಮೀನು ಬರೋದು ಆ ಬಳುಕಿಗೇ.

ಈ ಜಿಗಣೆಗಳು ಚೆನ್ನಾಗಿ ಬೆಳೆಯೋದು ಮೀನಿಲ್ಲದ ಸಣ್ಣ ಕೊಳಗಳಲ್ಲಿ. ಹಿಡಿಯೋರು ಸಂಜೆ ಮಾಂಸ ಇಟ್ಟ ಬೋನು ಮುಳುಗಿಸಿ, ಬೆಳಕು ಹರಿಯೋ ಹೊತ್ತಿಗೆ ಎತ್ತುತ್ತಾರೆ. ತಡವಾದರೆ ತಿಂದು ಹೊರಟುಬಿಡುತ್ತವೆ.

ಅದನ್ನೇ ಯೋಚಿಸ್ತಾ ಇದ್ದೆ. ಮೀನಿಲ್ಲದ, ಜೊಂಡು ತುಂಬಿದ ಕೊಳ ಕಂಡರೆ ಯಾರೂ ನಿಲ್ಲೋದಿಲ್ಲ. ಮಣ್ಣು ಹಾಕಿ ಮುಚ್ಚೋಕೆ ಮೊದಲು ಆರಿಸೋದೂ ಅಂಥದ್ದನ್ನೇ, ಅಲ್ವಾ? ದೊಡ್ಡ ಕೆರೆಯಲ್ಲಿ ಗಾಳ ಹಿಡಿದು ಕೂತವರ ಡಬ್ಬಿ ತುಂಬೋದು ಮಾತ್ರ ಅಲ್ಲಿಂದ. ನಮ್ಮೂರ ಕಡೆಯ ಹೊಂಡಗಳಲ್ಲಿ ಏನೇನಿದೆಯೋ, ಮುಚ್ಚೋ ಮುಂಚೆ ಯಾರಾದರೂ ಒಮ್ಮೆ ಇಣುಕಲಿ.

ಉಳಿದ ಜಿಗಣೆಗಳನ್ನು ಕೆರೆಗೆ ಸುರಿಯುವಂತಿಲ್ಲ, ಇಲ್ಲಿನ ನಿಯಮ. ಫ್ರಿಜ್ಜಿನಲ್ಲಿ ತಣ್ಣೀರಲ್ಲಿ ಇಟ್ಟಿದ್ದೇನೆ. ನೀರು ಬದಲಿಸ್ತಾ ಇದ್ದರೆ ತುಂಬಾ ದಿನ ಬದುಕುತ್ತವೆ.