ಒಂಬತ್ತನೇ ಇನ್ನಿಂಗ್ಸ್‌ನ ಖಾಲಿ ಚೌಕಗಳು

ಮಗಳು ಒಂದು ಸೆಮಿಸ್ಟರ್ ಓದೋಕೆ ಸ್ಕಾಟ್‌ಲೆಂಡಿನ ಎಡಿನ್‌ಬರಾಗೆ ಹೊರಡಲು ನಾಲ್ಕು ದಿನ ಬಾಕಿ ಇತ್ತು. ಮನೆ ತುಂಬಾ ಸೂಟ್‌ಕೇಸು, ತೂಕದ ಲೆಕ್ಕ, ಸಾರಿನಪುಡಿ ಹಾಕಲೋ ಬೇಡವೋ ಅನ್ನೋ ಮಾತು. ನಾನು ಏನೇ ಕೇಳಿದರೂ ಅವಳದ್ದು ಒಂದೇ ಉತ್ತರ, "ಆಯ್ತಮ್ಮ". ಆಗ ಅವಳೇ ಹೇಳಿದಳು, ಹೋಗೋದಕ್ಕೆ ಮುಂಚೆ ಎಲ್ಲರೂ ಸೇರಿ ಸ್ಯಾನ್ ಫ್ರಾನ್ಸಿಸ್ಕೋದ ಬೇಸ್‌ಬಾಲ್ ಟೀಮ್ ಜೈಂಟ್ಸ್‌ನ ಒಂದು ಮ್ಯಾಚ್ ನೋಡೋಣ, ತಾತನೂ ಬರಲಿ ಅಂತ.

ತಾತ ಅಂದರೆ ನನ್ನ ಮಾವ. ಭದ್ರಾವತಿಯಿಂದ ಆರು ತಿಂಗಳಿಗೆ ಅಂತ ಅಮೆರಿಕದ ನಮ್ಮ ಮನೆಗೆ ಬಂದಿದ್ದರು. ಕ್ರಿಕೆಟ್ ಅಂದರೆ ಪ್ರಾಣ. ಜಿ.ಆರ್. ವಿಶ್ವನಾಥ್ ನಮ್ಮೂರಲ್ಲಿ ಹುಟ್ಟಿದವರು ಅನ್ನೋದನ್ನ ಅವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. 1975ರ ಜನವರಿಯಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ಮೇಲೆ ಭಾರತ 190ಕ್ಕೆ ಆಲೌಟ್ ಆದಾಗ ಅದರಲ್ಲಿ 97 ವಿಶ್ವನಾಥ್ ಒಬ್ಬರದೇ, ಅದೂ ನಾಟೌಟ್. ಮಾವ ಆ ಇನ್ನಿಂಗ್ಸನ್ನು ರೇಡಿಯೋ ಕೇಳುತ್ತಾ ನೋಟ್‌ಬುಕ್ಕಿನಲ್ಲಿ ಒಂದೊಂದು ರನ್ನೂ ಬರೆದುಕೊಂಡಿದ್ದರಂತೆ.

ಸಂಜೆ ಕ್ಯಾಲಿಫೋರ್ನಿಯಾದ ಸನಿವೇಲ್‌ನಿಂದ ಕ್ಯಾಲ್‌ಟ್ರೇನ್ ಹತ್ತಿದೆವು. 2024ರಲ್ಲಿ ಕರೆಂಟ್ ರೈಲು ಬಂದ ಮೇಲೆ ಈ ಪ್ರಯಾಣ ನನಗೆ ತುಂಬಾ ಇಷ್ಟ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಜೈಂಟ್ಸ್ ಸ್ಟೇಡಿಯಂ, ಓರಾಕಲ್ ಪಾರ್ಕ್. ಆಗಸ್ಟ್ ತಿಂಗಳಾದರೂ ಸಮುದ್ರದ ಗಾಳಿ ಎಷ್ಟು ಚಳಿ ಅಂದರೆ ಮಾವ ಸ್ವೆಟರ್ ಮೇಲೆ ಜಾಕೆಟ್, ಅದರ ಮೇಲೆ ಮಂಕಿ ಕ್ಯಾಪ್. ನಮ್ಮ ಸೀಟು ಮೇಲಿನ ಅಂತಸ್ತಿನಲ್ಲಿ. ಅಲ್ಲಿಂದ ಮೈದಾನ ಕಾಣುತ್ತೆ, ಬಲಗಡೆ ಗೋಡೆಯ ಆಚೆ ನೀರು ಕಾಣುತ್ತೆ. ಆ ಗೋಡೆ 24 ಅಡಿ ಎತ್ತರ, ಜೈಂಟ್ಸ್‌ನ ಹಳೇ ದಿಗ್ಗಜ ಆಟಗಾರ ವಿಲ್ಲಿ ಮೇಸ್ ಅವರ ಜೆರ್ಸಿ ನಂಬರಿನ ನೆನಪಿಗೆ. ನೀರಿನಲ್ಲಿ ನಾಲ್ಕೈದು ಜನ ಕಯಾಕ್‌ನಲ್ಲಿ ಕೂತು, ಬ್ಯಾಟರ್ ಗೋಡೆ ಆಚೆ ಹೊಡೆದ ಹೋಮ್‌ರನ್ ಚೆಂಡು ಬಂದು ಬೀಳುತ್ತೇನೋ ಅಂತ ಕಾಯುತ್ತಿದ್ದರು. ಮಾವನಿಗೆ ಇದು ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು. "ನಮ್ಮ ಭದ್ರಾ ನದಿ ಪಕ್ಕದಲ್ಲಿ ಒಂದು ಸ್ಟೇಡಿಯಂ ಇದ್ದಿದ್ರೆ!" ಅಂದರು.

ಮಗಳು ಮನೆಯಿಂದಲೇ ಸ್ಕೋರ್ ಹಾಳೆ ಪ್ರಿಂಟ್ ಮಾಡಿ, ಎರಡು ಪೆನ್ಸಿಲ್ ಚೂಪು ಮಾಡಿ ತಂದಿದ್ದಳು. ಅಡ್ಡಕ್ಕೆ ಒಂಬತ್ತು ಇನ್ನಿಂಗ್ಸ್, ಉದ್ದಕ್ಕೆ ಒಂಬತ್ತು ಬ್ಯಾಟರ್‌ಗಳು, ಪ್ರತಿಯೊಬ್ಬನಿಗೂ ಒಂದೊಂದು ಚೌಕ. ತಾತನ ಪಕ್ಕ ಕೂತು ಹೇಳಿಕೊಟ್ಟಳು. ಫೀಲ್ಡರ್‌ಗಳಿಗೆ ಬೆನ್ನ ಮೇಲಿನ ನಂಬರ್ ಬೇರೆ, ಜಾಗದ ನಂಬರ್ ಬೇರೆ. ಚೆಂಡು ಎಸೆಯೋ ಪಿಚ್ಚರ್ 1, ಬ್ಯಾಟರ್ ಹಿಂದೆ ಕೂತು ಹಿಡಿಯೋ ಕ್ಯಾಚರ್ 2, ಬ್ಯಾಟರ್ ಓಡಿ ಮೊದಲು ಮುಟ್ಟೋ ಫಸ್ಟ್ ಬೇಸ್ ಕಾಯೋನು 3, ಹೀಗೆ. ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲೋ ಶಾರ್ಟ್‌ಸ್ಟಾಪ್ (6) ಚೆಂಡು ಹಿಡಿದು ಸೆಕೆಂಡ್ ಬೇಸಿಗೆ (4) ಎಸೆದು, ಅಲ್ಲಿಂದ ಫಸ್ಟ್ ಬೇಸಿಗೆ (3) ಹೋಗಿ ಓಡುತ್ತಿದ್ದ ಇಬ್ಬರೂ ಔಟಾದರೆ 6-4-3. ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾದರೆ, ಇಂಗ್ಲಿಷಿನ ಕೆ ಅಕ್ಷರ. ಆದರೆ ಮೂರನೇ ಸ್ಟ್ರೈಕಿಗೆ ಬ್ಯಾಟ್ ಬೀಸದೆ ಸುಮ್ನೆ ನೋಡ್ತಾ ನಿಂತು ಔಟಾದವನಿಗೆ ಉಲ್ಟಾ ಕೆ. ಮೂರನೇ ಇನ್ನಿಂಗ್ಸ್ ಹೊತ್ತಿಗೆ ಪೆನ್ಸಿಲ್ ಮಾವನ ಕೈ ಸೇರಿತ್ತು. ಉಲ್ಟಾ ಕೆ ಬರೆಯುವಾಗ ಅವರು ನಾಲಿಗೆ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ನಿಧಾನವಾಗಿ, ಮೊದಲು ಉದ್ದ ಗೆರೆ, ಆಮೇಲೆ ಎಡಕ್ಕೆ ಎರಡು ಕಾಲು ಎಳೆಯುತ್ತಿದ್ದರು.

ನಾನು ಮನೆಯಿಂದ ಕೋಡುಬಳೆ ಕಟ್ಟಿಕೊಂಡು ಹೋಗಿದ್ದೆ. ಇವರು ಗಾರ್ಲಿಕ್ ಫ್ರೈಸ್ ತಂದರು. ಎರಡೂ ಚೆನ್ನಾಗಿ ಹೊಂದುತ್ತೆ, ನೀವೂ ತಿಂದು ನೋಡಿ.

ಐದನೇ ಇನ್ನಿಂಗ್ಸ್‌ನಲ್ಲಿ ಏನೂ ನಡೆಯುತ್ತಿರಲಿಲ್ಲ. ಪಿಚ್ಚರ್ ಎಸೆಯೋದು, ಬ್ಯಾಟರ್ ಫೌಲ್ ಹೊಡೆಯೋದು, ಮತ್ತೆ ಅದೇ. ಮಗಳು ಮೈದಾನದ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು, "ಅಮ್ಮ, ಅಲ್ಲಿ ನಂಗೆ ಯಾರೂ ಗೊತ್ತಿಲ್ಲ. ರಾತ್ರಿ ನಿದ್ದೆ ಬರ್ತಿಲ್ಲ." ಮೂರು ವಾರದಿಂದ ನಾನು ಎಷ್ಟು ಕೇಳಿದರೂ ಅವಳ ಬಾಯಿಂದ ಬಾರದ ಮಾತು ಇದು. ನಾನೂ ಮೈದಾನವನ್ನೇ ನೋಡುತ್ತಾ ಹೇಳಿದೆ, ಮದುವೆಯಾಗಿ ಈ ದೇಶಕ್ಕೆ ಬಂದ ಮೊದಲ ತಿಂಗಳು ನಂಗೂ ನಿದ್ದೆ ಬರ್ತಿರಲಿಲ್ಲ, ರಾತ್ರಿ ಎದ್ದು ಪಾತ್ರೆ ತೊಳೀತಿದ್ದೆ ಅಂತ. "ಹೌದಾ? ನೀನು ಯಾವತ್ತೂ ಹೇಳೇ ಇಲ್ಲ." ಹೇಳಿರಲಿಲ್ಲ, ನಿಜ. ಎದುರುಬದುರು ಕೂತು ಕೇಳಿದರೆ ಬಾರದ ಮಾತು ಪಕ್ಕಪಕ್ಕ ಕೂತು ಬೇರೆ ಏನನ್ನೋ ನೋಡುವಾಗ ಬರುತ್ತೆ. ಬೇಸ್‌ಬಾಲ್ ತುಂಬಾ ಸ್ಲೋ ಅಂತ ಜನ ಬೈತಾರೆ. ಅವತ್ತು ಆ ಆಟ ಹಾಗೆ ನಿಧಾನವಾಗಿ ಇದ್ದಿದ್ದಕ್ಕೆ ನಾನು ಕೈಮುಗಿದೆ.

ಏಳನೇ ಇನ್ನಿಂಗ್ಸ್ ಮಧ್ಯೆ ಎಲ್ಲರೂ ಎದ್ದು ನಿಂತು ಹಾಡುವ ಪದ್ಧತಿ ಇದೆ. ಮಾವನೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಕೂರುವಾಗ ಅವರ ಕೈ ನಡುಗುತ್ತಿತ್ತು, ತುಟಿ ನೀಲಿಯಾಗಿತ್ತು. ಏಳನೆಯದು ಮುಗಿಯುತ್ತಲೇ ಹೊರಟೆವು. ಮೇಲೆ ಕಡಲಹಕ್ಕಿಗಳು ಸುತ್ತುತ್ತಿದ್ದವು, ಜನ ಹೋದ ಮೇಲೆ ಬಿಟ್ಟ ತಿಂಡಿಗೆ ಕಾಯುತ್ತಾ. ಜೈಂಟ್ಸ್ ಒಂದು ರನ್ ಮುಂದಿತ್ತು. ಮಗಳಿಗೆ ಬೇಜಾರಾಗಿದ್ದು ಮುಖದಲ್ಲೇ ಕಾಣುತ್ತಿತ್ತು, ಆದರೆ ತಾತನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದಳು.

ರೈಲಿನಲ್ಲಿ ಕೂತ ಮೇಲೆ ಅವಳು ಫೋನಿನಲ್ಲಿ ರೇಡಿಯೋ ಕಾಮೆಂಟರಿ ಹಾಕಿದಳು. ಇಯರ್‌ಫೋನಿನ ಒಂದು ತುದಿ ತನ್ನ ಕಿವಿಗೆ. ಇನ್ನೊಂದನ್ನು, ಮಂಕಿ ಕ್ಯಾಪ್ ಸ್ವಲ್ಪ ಮೇಲೆತ್ತಿ, ತಾತನ ಕಿವಿಗೆ. ಅಮೆರಿಕದ ಇಂಗ್ಲಿಷ್ ಅವರಿಗೆ ಅಷ್ಟು ಅರ್ಥವಾಗಲ್ಲ. ಅವಳು ಹೇಳುತ್ತಿದ್ದಳು, "ಕೆ, ತಾತ. ಸರಿ ಕೆ, ಉಲ್ಟಾ ಅಲ್ಲ." "ಸಿಕ್ಸ್ ಫೋರ್ ತ್ರೀ!" ಮಾವ ತೊಡೆ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಾ ಹೋದರು.

ಮಿಲ್‌ಬ್ರೇ ಸ್ಟೇಷನ್ ದಾಟಿದ ಮೇಲೆ ಆಟ ಮುಗಿಯಿತು. ಗೆದ್ದೆವು.

"ಇನ್ನೂ ನಮ್ಮೋರ ಒಂಬತ್ತನೇದು ಇದೆಯಲ್ಲ? ಈ ಸಾಲು ಪೂರ್ತಿ ಖಾಲಿ" ಅಂದರು ಮಾವ.

"ಅದನ್ನ ಆಡಲ್ಲ ತಾತ. ಮನೆಯ ಟೀಮ್, ಅಂದ್ರೆ ನಮ್ಮೋರು, ಎರಡನೇದಾಗಿ ಬ್ಯಾಟ್ ಮಾಡೋದು. ಅವರು ಮುಂದಿದ್ರೆ ಕೊನೇ ಅರ್ಧ ಬೇಕಾಗಲ್ಲ. ಅಲ್ಲಿ ಒಂದು ಎಕ್ಸ್ ಹಾಕಿ ಬಿಡೋದು."

ಅವರು ಎಕ್ಸ್ ಹಾಕಿದರು. ಕೆಳಗೆ ತಾರೀಖು ಬರೆದು, ಕನ್ನಡದಲ್ಲಿ ಸಹಿ ಮಾಡಿ, ಪೆನ್ಸಿಲನ್ನು ಅವಳ ಕೈಗೆ ಕೊಟ್ಟರು. ಅವಳೂ ಕನ್ನಡದಲ್ಲೇ ತನ್ನ ಹೆಸರು ಬರೆದಳು, ಒತ್ತಕ್ಷರ ಒಂದು ಸ್ವಲ್ಪ ಸೊಟ್ಟ. ಆ ಹಾಳೆ ಈಗ ಎಡಿನ್‌ಬರಾದಲ್ಲಿ ಅವಳ ಮೇಜಿನ ಮೇಲಿನ ಗೋಡೆಯಲ್ಲಿದೆ. ವಿಡಿಯೋ ಕಾಲ್ ಮಾಡಿದಾಗ ಅವಳ ಭುಜದ ಹಿಂದೆ ಕಾಣುತ್ತೆ.